ಹೂ ಬೀಳುವ ತನಕ

ಕಾಮಸಮುದ್ರದ ಮಗ್ಗುಲಿನ ಹಳ್ಳಿಯಲ್ಲಿ ಮುನಿಸ್ವಾಮಪ್ಪನವರದು ಮರ್ಯಾದಸ್ತ ಮನೆ. ಆ ಮನೆಯಲ್ಲಿ ದೇವರ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಹಸು ಮಾರಬೇಕೆ, ಬೋರ್‌ವೆಲ್ ಕೊರೆಸಬೇಕೆ, ಟಿ.ವಿ. ತರಬೇಕೆ, ಮೊದಲು ಮನೆದೇವರಾದ ಮುನೇಶ್ವರನ ಕಲ್ಲಿನ ನೆತ್ತಿಗೆ ಒದ್ದೆ ಕಣಗಿಲೆ ಹೂವೊಂದನ್ನು ಅಂಟಿಸಿ, ಎದುರಿಗೆ ಕೈಮುಗಿದು ಕೂರಬೇಕು. ಹೂ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಬೀಳುವ ತನಕ ಒಲೆ ಹೊತ್ತಿಸುವಂತಿಲ್ಲ, ಯಾರೂ ಹೊಸಿಲು ದಾಟುವಂತಿಲ್ಲ. ಟಿ.ವಿ.ಗೆ ಮಾತ್ರ ಹತ್ತೇ ನಿಮಿಷದಲ್ಲಿ ಅಪ್ಪಣೆ ಸಿಕ್ಕಿತ್ತು. ಸಾಮಿಗೂ ಧಾರಾವಾಹಿ ನೋಡುವ ಆಸೆ ಇದ್ದಿರಬೇಕು ಎಂದು ಊರಿನವರು ನಗಾಡಿದ್ದರು.

ಸೊಸೆ ಮುನಿರತ್ನಮ್ಮನಿಗೆ ಮಾತ್ರ ಆ ನಗು ಬರುತ್ತಿರಲಿಲ್ಲ. ಎಂಟು ವರ್ಷದ ಹಿಂದೆ, ಧನುರ್ಮಾಸದ ಒಂದು ಬೆಳಗ್ಗೆ, ಹಾಲು ಕರೆಯುತ್ತಿದ್ದ ಅವಳ ಗಂಡ ಸುಬ್ರಮಣಿ ಎದೆ ಹಿಡಿದುಕೊಂಡು ಕೊಟ್ಟಿಗೆಯಲ್ಲೇ ಕುಸಿದಿದ್ದ. ಪಕ್ಕದ ಮನೆಯ ಸುಧಾಕರ್ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಮಾವ ಹೂ ಇಟ್ಟರು. ಹೂ ಎರಡೂವರೆ ಗಂಟೆ ಬೀಳಲಿಲ್ಲ. ಕೊನೆಗೆ ಬಿತ್ತು, ಬಲಕ್ಕೇ ಬಿತ್ತು. ಅಷ್ಟು ಹೊತ್ತಿಗೆ ಸುಬ್ರಮಣಿಗೆ ಆಟೋ ಬೇಕಿರಲಿಲ್ಲ.

"ಅವ್ನ ಆಯಸ್ಸೇ ಅಷ್ಟು. ಅದ್ಕೇ ಸಾಮಿ ತಡ ಮಾಡ್ದ" ಎಂದರು ಮುನಿಸ್ವಾಮಪ್ಪ. ನೆರೆದವರೆಲ್ಲ ತಲೆಯಾಡಿಸಿದರು. ಮುನಿರತ್ನಮ್ಮನೂ ಆಡಿಸಿದಳು. ಆಡಿಸದೆ ಆ ಮನೆಯಲ್ಲಿ ಬದುಕುವುದು ಹೇಗೆ? ಗಂಡ ಹೋದ ಮೇಲೆ ಅವಳು ದೇವರಕೋಣೆಗೆ ಕಾಲಿಡುವಂತಿರಲಿಲ್ಲ. ಹೂ ಕಿತ್ತು ತೊಳೆದು ಬಾಗಿಲಲ್ಲಿ ಇಡುವುದಷ್ಟೇ ಅವಳ ಪಾಲಿಗೆ ಉಳಿದದ್ದು.

ಅವಳ ಒಬ್ಬಳೇ ಮಗಳು ಲಿಖಿತ. ಚಿಕ್ಕವಳಿದ್ದಾಗ ರೈಲು ಹಳಿಯ ಪಕ್ಕ ಹಸು ಮೇಯಿಸುತ್ತಿದ್ದವಳು ಒಂದು ದಿನ ಓಡಿಬಂದು, "ಅಮ್ಮಾ, ಇಂಜಿನ್ ಒಳಗೆ ಒಬ್ಳು ಹೆಂಗಸಿದ್ಲು! ನಂಗೆ ಕೈ ಬೀಸಿದ್ಲು" ಎಂದಿದ್ದಳು. ಅಂದಿನಿಂದ ಅದೊಂದೇ ಜಪ, ತಾನೂ ರೈಲು ಓಡಿಸಬೇಕು. ದಿನಾ ಬಸ್ಸು ಹಿಡಿದು ಹೋಗಿ ಕೆ.ಜಿ.ಎಫ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದಳು. ಇಡೀ ತರಗತಿಗೆ ಅವಳೊಬ್ಬಳೇ ಹುಡುಗಿ. ಆಮೇಲೆ ರಾಬರ್ಟ್‌ಸನ್‌ಪೇಟೆಯ ಲೈಬ್ರರಿಯಲ್ಲಿ ಕೂತು ಎರಡು ವರ್ಷ ಓದಿದಳು. ಅಷ್ಟರಲ್ಲಿ ಬಂದ ಎರಡು ಸಂಬಂಧ ತಪ್ಪಿದವು, ಗೆಳತಿಯರ ಮಕ್ಕಳು ಅಂಗನವಾಡಿ ಸೇರಿದರು. ಅವಳ ಓದಿಗೆಂದು ಎರಡಿದ್ದ ಹಸು ನಾಲ್ಕಾದವು, ಹಾಲು ಕರೆದು ಕರೆದು ಮುನಿರತ್ನಮ್ಮನ ಬೆರಳಿನ ಗಂಟುಗಳು ಊದಿಕೊಂಡವು. ರೈಲ್ವೆ ಕೆಲಸದ ಎರಡು ಹಂತದ ಪರೀಕ್ಷೆ ಪಾಸಾಗಿ, ಕೊನೆಯದೊಂದು ಉಳಿದಿತ್ತು. ಬೆಂಗಳೂರಿನಲ್ಲಿ, ಒಂಬತ್ತಕ್ಕೆ ಗೇಟು ಮುಚ್ಚುತ್ತಾರೆ. ಒಂದು ನಿಮಿಷ ತಡವಾದರೂ ಐದು ವರ್ಷದ ಪಾಡು ಮಣ್ಣುಪಾಲು.

ಪರೀಕ್ಷೆಯ ದಿನ ಆರೂವರೆಗೆ ಬಂಗಾರಪೇಟೆಯಲ್ಲಿ ರೈಲು. ಐದೂಮುಕ್ಕಾಲಿಗೆಲ್ಲ ಮನೆ ಬಿಡಬೇಕು. ಮಾಗಿಯ ಮಂಜು ಅಂಗಳದ ತನಕ ಬಂದು ನಿಂತಿತ್ತು. ಮುನಿಸ್ವಾಮಪ್ಪ ಐದಕ್ಕೇ ಮಿಂದು, ಹೂ ಇಟ್ಟು ಕೂತಿದ್ದರು. ಐದೂವರೆಯಾದರೂ ಹೂ ಅಲುಗಲಿಲ್ಲ. ಹೊರಗೆ ಸುಧಾಕರ್ ಆಟೋ ಸ್ಟಾರ್ಟ್ ಮಾಡಿ ಹಾರನ್ ಒತ್ತಿದ. ಅದೇ ಮನುಷ್ಯ, ಅದೇ ಬಾಗಿಲು.

"ತಾತ, ಟೈಮಾಯ್ತು. ಬತ್ತೀನಿ" ಎಂದು ಲಿಖಿತ ಬ್ಯಾಗು ಹೆಗಲಿಗೇರಿಸಿದಳು.

"ಕೂತ್ಕೊಳಮ್ಮ. ಸಾಮಿ ಇನ್ನೂ ಬಾಯಿ ಬಿಟ್ಟಿಲ್ಲ."

"ಮಂಜು ಬಿದ್ದೈತೆ ತಾತ, ನೀರು ಆರ್ತಾ ಇಲ್ಲ. ಬ್ಯಾಸಿಗೇಲಿ ಬೇಗ ಬೀಳ್ತದೆ, ಚಳಿಗಾಲದಲ್ಲಿ ತಡ. ನೀವೇ ನೆಪ್ಪು ಮಾಡ್ಕೊಳಿ. ಟಿ.ವಿ. ತಂದಿದ್ದು ಯುಗಾದಿ ಮುಂದೆ, ಸುಡುಬಿಸ್ಲು."

"ನಾಕಕ್ಷರ ಕಲ್ತು ಸಾಮೀನೇ ಅಳೀತೀಯಾ?" ಮುದುಕರು ಕಲ್ಲಿನ ಕಡೆಯಿಂದ ಇತ್ತ ತಿರುಗಿದರು. "ನಮ್ಮಪ್ಪ ಕೇಳ್ದ, ಅವ್ರಪ್ಪ ಕೇಳ್ದ. ಈ ಹೊಸ್ಲು ಸುಮ್ನೆ ದಾಟಿದೋರು ಯಾರೂ ಇಲ್ಲ. ದಾಟಿದ್ರೆ ನಾ ಸತ್ತೆ ಅನ್ಕೊಂಡು ದಾಟು."

ಲಿಖಿತ ಅಮ್ಮನ ಮುಖ ನೋಡಿದಳು. ಮುನಿರತ್ನಮ್ಮ ತಡಬಡಿಸಿದಳು. ನಿಜ ಹೇಳಬೇಕೆಂದರೆ ಅವಳಿಗೂ ಭಯವೇ. ಹೇಳದೆ ಕೇಳದೆ ಹೋಗಿ ದಾರಿಯಲ್ಲಿ ಏನಾದರೂ ಆದರೆ? ಇದ್ದ ಒಂದು ಕೂಸಿಗೆ ಏನಾದರೂ ಆದರೆ? "ಇನ್ನೈದು ನಿಮಿಷ ನೋಡಾನ ಕಣಮ್ಮ" ಎಂದುಬಿಟ್ಟಳು.

ಲಿಖಿತ ಬ್ಯಾಗಿನ ಸಮೇತ ಬಾಗಿಲೆದುರಿನ ಕಂಬದ ಬುಡದಲ್ಲಿ ಕೂತಳು. ಅಳಲಿಲ್ಲ, ರೇಗಲಿಲ್ಲ. ಮೊಬೈಲಿನಲ್ಲಿ ಗಂಟೆ ನೋಡುತ್ತಾ ಕೂತಳು. ಐದೂ ನಲವತ್ತು. ಐದೂ ನಲವತ್ತೈದು. ಐದೂ ಐವತ್ತು. ಸುಧಾಕರ್ ಬಾಗಿಲಿಗೆ ಬಂದು ತಲೆ ಹಾಕಿದ.

"ದೊಡ್ಡಪ್ಪಾ, ಈ ಮಂಜಲ್ಲಿ ಇನ್ನು ಎಷ್ಟು ಜೋರಾಗಿ ಓಡ್ಸಿದ್ರೂ ರೈಲು ಸಿಕ್ಕೋದು ಕಷ್ಟ. ಅವತ್ತೂ ಇಂಗೇ ನಿಂತಿದ್ದೆ ನಾನು."

"ಬಾಯ್ಮುಚ್ಲಾ!"

ಅವತ್ತೂ ಇಂಗೇ. ಮುನಿರತ್ನಮ್ಮನ ಕಣ್ಣಿಗೆ ಕಂಬದ ಬುಡ ಬಿತ್ತು. ಅವತ್ತು ಸುಬ್ರಮಣಿಯನ್ನು ಒರಗಿಸಿ ಕೂರಿಸಿದ್ದು ಅದೇ ಕಂಬಕ್ಕೆ. ಬೆವರಿ ಬಿಳಿಚಿಕೊಂಡ ಮುಖದಲ್ಲಿ ಅವನು ಆಟೋವನ್ನೇ ನೋಡುತ್ತಿದ್ದ. "ರತ್ನಾ, ಓಗಾನ" ಎಂದು ಒಂದೇ ಒಂದು ಸಲ ಅಂದಿದ್ದ. ಅವಳು ಅವತ್ತೂ "ಇನ್ನೈದು ನಿಮಿಷ" ಎಂದೇ ಅಂದಿದ್ದಳು.

ಅವಳು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ದೇವರಕೋಣೆಗೆ ನಡೆದಳು.

"ರತ್ನಮ್ಮಾ! ಎಲ್ಲಿಗೇ? ಒಳಗೆ ಕಾಲಿಡಬ್ಯಾಡ!"

ಮುನಿರತ್ನಮ್ಮ ಕೈ ಚಾಚಿ ಕಲ್ಲಿನ ನೆತ್ತಿಯ ಮೇಲಿದ್ದ ಹೂವನ್ನು ಎತ್ತಿಕೊಂಡಳು. ಹೂ ಇನ್ನೂ ಒದ್ದೆಯಾಗಿಯೇ ಇತ್ತು.

"ಹೂ ಬಿತ್ತು ಮಾವ. ನನ್ನ ಕೈಗೆ ಬಿತ್ತು."

ಹೊರಗೆ ಬಂದವಳೇ ಅದನ್ನು ಮಗಳ ಜಡೆಗೆ ಸಿಕ್ಕಿಸಿ, ಬೆನ್ನಿಗೆ ಕೈಯಿಟ್ಟು ಹೊಸಿಲು ದಾಟಿಸಿದಳು. "ಓಗು. ತಿರುಗಿ ನೋಡಬ್ಯಾಡ. ಸುಧಾಕರಾ, ಬಿಡಪ್ಪ ಗಾಡಿ."

ಆಟೋದ ಸದ್ದು ಮಂಜಿನಲ್ಲಿ ದೂರವಾಯಿತು. ಮುದುಕರು ಗೋಡೆ ಹಿಡಿದುಕೊಂಡು ಎದ್ದು ಬಂದರು. ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡಿದ್ದಳು ಅವಳು. ಆದರೆ ಆ ಮುಖದಲ್ಲಿದ್ದದ್ದು ಕೋಪವಲ್ಲ, ಹೆದರಿಕೆ.

"ಹೂ ಸುಳ್ಳಾದ್ರೆ..." ಎಂದರು ಅವರು. "ಹೂ ಸುಳ್ಳಾದ್ರೆ, ನನ್ನ ಮಗನ್ನ ಕೊಂದೋನು ನಾನೇನಾ?"

ಎಂಟು ವರ್ಷ ಈ ಮುದುಕ ಕಲ್ಲಿಗೆ ಯಾಕೆ ಅಷ್ಟು ಬಿಗಿಯಾಗಿ ಜೋತುಬಿದ್ದಿದ್ದರೆಂದು ಅವಳಿಗೆ ಆಗ ತಿಳಿಯಿತು. ಇಲ್ಲ ಎಂದು ಹೇಳಿ ಸಮಾಧಾನ ಮಾಡಬಹುದಿತ್ತು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ನೀವೊಬ್ರೇ ಅಲ್ಲ ಮಾವ. ನಾನೂ ಸುಮ್ನೆ ಕೂತಿದ್ನಲ್ಲ."

ಆಮೇಲೆ ಅವಳು ಒಲೆ ಹೊತ್ತಿಸಿದಳು.

ಸುಧಾಕರ್ ಹೇಗೆ ಓಡಿಸಿದನೋ, ಹೊರಡುತ್ತಿದ್ದ ರೈಲಿನ ಕೊನೆಯ ಡಬ್ಬಿಗೆ ಲಿಖಿತ ಹತ್ತಿಕೊಂಡಳು. ಗೇಟು ಮುಚ್ಚುವುದಕ್ಕೆ ಐದು ನಿಮಿಷವಿತ್ತು. ಬೇಸಿಗೆಯ ಹೊತ್ತಿಗೆ ಪಟ್ಟಿಯಲ್ಲಿ ಅವಳ ಹೆಸರು ಬಂತು, ತರಬೇತಿಗೆ ಹೋದಳು. ಇತ್ತ ಊರು ಮುನಿರತ್ನಮ್ಮನನ್ನು ಸುಮ್ಮನೆ ಬಿಡಲಿಲ್ಲ. ಅರಿಶಿನ ಕುಂಕುಮವಂತೂ ಮೊದಲೇ ತಪ್ಪಿತ್ತು, ಈಗ ನಾಮಕರಣಕ್ಕೂ ಯಾರೂ ಕರೆಯಲಿಲ್ಲ. ಮನೆಯೊಳಗೆ ಮಾವ ಏಳು ತಿಂಗಳು ಅವಳೊಡನೆ ಒಂದು ಮಾತೂ ಆಡಲಿಲ್ಲ. ಹೂವನ್ನೂ ಇಡಲಿಲ್ಲ.

ಒಂದು ಬೆಳಗ್ಗೆ ಅಂಗಳದಲ್ಲಿ ಚೊಂಬು ಬಿದ್ದ ಸದ್ದಾಯಿತು. ಮುನಿರತ್ನಮ್ಮ ಓಡಿಬಂದಳು. ಮುನಿಸ್ವಾಮಪ್ಪ ಎದೆ ಹಿಡಿದುಕೊಂಡು ನೆಲಕ್ಕೆ ಕೂತಿದ್ದರು. ಅವಳ ಕಣ್ಣು ಹಳೆಯ ಅಭ್ಯಾಸದಂತೆ ದೇವರಕೋಣೆಯ ಕಡೆ ಹೊರಳಿತು.

"ಅಲ್ಲೇನು ನೋಡ್ತೀಯಮ್ಮ?" ಮುದುಕರು ಉಸಿರಿಗೆ ಒದ್ದಾಡುತ್ತಾ ಅಂದರು. "ಸುಧಾಕರನ್ನ ಕೂಗು."

ಸುಧಾಕರ್ ಎತ್ತಿ ಕೂರಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಮುನಿರತ್ನಮ್ಮ ಅವರ ತಲೆಯನ್ನು ಹೆಗಲಿಗೆ ಆನಿಸಿಕೊಂಡಿದ್ದಳು. ಆಸ್ಪತ್ರೆಯ ಮುಂದೆ ಆಟೋ ನಿಂತಿತು, ಒಳಗಿನಿಂದ ಸ್ಟ್ರೆಚರ್ ತಂದರು. ಇಳಿಯುವ ಮುಂಚೆ ಮುನಿಸ್ವಾಮಪ್ಪ ಅವಳ ಕೈ ಹಿಡಿದು ಕೇಳಿದರು.

"ಎಷ್ಟೊತ್ತಾಯ್ತಮ್ಮ ಬರೋದಕ್ಕೆ?"

"ಅರ್ಧ ಗಂಟೆ ಮಾವ."

ಅವರು ಬಂದ ದಾರಿಯ ಕಡೆ ತಿರುಗಿ ನೋಡಿದರು. ಕಣ್ಣಲ್ಲಿ ನೀರು ಇಳಿಯಿತು.

"ಇಷ್ಟೇನಾ ದಾರಿ?"