ಜರುಗಿದ ಕೆಂಪು

ಕುಂಚಪ್ಪನವರು ಒಳ್ಳೆಯ ಚಿತ್ರಕಾರರು, ಮತ್ತು ಅದು ಅವರಿಗೂ ಗೊತ್ತಿತ್ತು. ತುಸು ಹೆಚ್ಚೇ ಗೊತ್ತಿತ್ತು ಎಂಬುದು ಅವರ ಹೆಂಡತಿಯ ಅಭಿಪ್ರಾಯ. ಆ ಹೆಸರು ಹೆತ್ತವರು ಇಟ್ಟದ್ದಲ್ಲ, ಬೀದಿಯವರು ಇಟ್ಟದ್ದು. ಕರೆದಾಗಲೆಲ್ಲ ಮುಖ ಸಿಂಡರಿಸುತ್ತಿದ್ದರು, ಆದರೆ ಓಗೊಡುತ್ತಿದ್ದರು.

ಬರೆದ ಚಿತ್ರಗಳಲ್ಲೆಲ್ಲ ಅವರಿಗೆ ಪ್ರಾಣವಾಗಿದ್ದದ್ದು ಒಂದೇ: ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿರುವ ಹೆಂಡತಿ. ನಡುಮನೆಯ ಗೋಡೆಯ ಮೇಲೆ ಬೇರೆ ಯಾವ ಚಿತ್ರಕ್ಕೂ ಜಾಗವಿರಲಿಲ್ಲ. ಬಂದವರನ್ನು ಅದರೆದುರು ನಿಲ್ಲಿಸಿ, “ಆ ಮುಖದ ಗಾಂಭೀರ್ಯ ನೋಡಿ” ಎನ್ನುತ್ತಿದ್ದರು. ಕಾಫಿ ತಣ್ಣಗಾಗುತ್ತದಲ್ಲ ಎಂದು ಬಂದವರು ಗಂಭೀರವಾಗಿಯೇ ನೋಡುತ್ತಿದ್ದರು.

ಹೆಂಡತಿಯ ತಮ್ಮನಿಗೊಂದು ಮುದ್ರಣಾಲಯವಿತ್ತು. “ಭಾವ, ಈ ಸಲದ ಕ್ಯಾಲೆಂಡರಿಗೆ ಅಕ್ಕನ ಚಿತ್ರ ಕೊಡಿ” ಎಂದು ಅವನು ದುಂಬಾಲು ಬಿದ್ದ. ಮೇಲೆಮೇಲೆ ಬೇಡವೆಂದು, ಒಳಗೊಳಗೇ ಉಬ್ಬಿ, ಕೊಟ್ಟರು. ಅಚ್ಚಾಗುವಾಗ ಕೆಂಪು ಬಣ್ಣದ ಪ್ಲೇಟು ಯಂತ್ರದಲ್ಲಿ ಕೂದಲೆಳೆಯಷ್ಟು ಜರುಗಿತು. ತುಟಿಯ ಬಣ್ಣ ತುಟಿಯ ಗೆರೆಯನ್ನು ದಾಟಿ ಒಂದು ಮೂಲೆಯಲ್ಲಿ ಮೇಲಕ್ಕೆ ಹೋಯಿತು. ಅಷ್ಟೇ, ಗಾಂಭೀರ್ಯ ಮಾಯ. ಒಂದೊಂದು ಪ್ರತಿಯಲ್ಲೂ ಆ ಹೆಂಗಸು ಬಂದ ನಗುವನ್ನು ತಡೆಯಲಾರದೆ ಕೂತಿದ್ದಳು.

ಜನ ಮುಗಿಬಿದ್ದರು. ಔಷಧಿ ಅಂಗಡಿ, ಟೈಲರ್ ಅಂಗಡಿ, ಹಲ್ಲಿನ ಡಾಕ್ಟರ ಕೋಣೆ, ಎಲ್ಲಿ ನೋಡಿದರೂ ಅದೇ ಮುಖ. ಹಲ್ಲಿನ ಡಾಕ್ಟರ ಕೋಣೆಯಲ್ಲಂತೂ ನಗುತ್ತಿದ್ದವಳು ಅವಳೊಬ್ಬಳೇ. ಕೆಲವರು ಚಿತ್ರಕಾರರ ಮನೆಯನ್ನೂ ಹುಡುಕಿಕೊಂಡು ಬಂದರು. ಅವರಲ್ಲೊಬ್ಬ ಗೋಡೆಯ ಚಿತ್ರವನ್ನು ಹತ್ತಿರದಿಂದ, ದೂರದಿಂದ ನೋಡಿ ಪೇಚಾಡಿದ.

“ಇದು ಅಸಲಿನ ಥರ ಇಲ್ವಲ್ಲ ಸಾರ್.”

“ಇದೇ ಕಣಯ್ಯಾ ಅಸಲು!”

“ಹೌದಾ? ಮತ್ತೆ ಆ ನಗು ಬಿಟ್ಟೇಬಿಟ್ಟಿದ್ದೀರಲ್ಲ.”

ಕುಂಚಪ್ಪನವರ ಪಿತ್ತ ನೆತ್ತಿಗೇರಿತು. ಅವನನ್ನು ಸಾಗಹಾಕಿ, ಅಡುಗೆಮನೆಯಲ್ಲಿ ಹೆಂಡತಿ ತೂಗುಹಾಕಿದ್ದ ಕ್ಯಾಲೆಂಡರನ್ನು ಹರಿದು ಚೂರು ಮಾಡಿದರು. ಭಾವಮೈದುನನಿಗೆ, “ಮುಂದಿನ ವರ್ಷ ಸರಿಯಾಗಿ ಅಚ್ಚು ಹಾಕು, ಇಲ್ಲದಿದ್ರೆ ನಿನ್ನ ಮುಖ ನೋಡಲ್ಲ” ಎಂದರು. ಅವನು ಹೆದರಿ ಸರಿಯಾಗಿಯೇ ಹಾಕಿದ. ಹೊಸ ವರ್ಷದೊಂದಿಗೆ ಅಂಗಡಿ ಅಂಗಡಿಯಲ್ಲೂ ಗಾಂಭೀರ್ಯ ನೇತಾಡಿತು.

ಅದಾದ ಮೇಲೆ ಹೆಂಡತಿ ಪೇಟೆಗೆ ಹೋದರೆ ಸಾಕು, “ಯಾಕಮ್ಮಾ, ಹುಷಾರಿಲ್ವಾ? ಕ್ಯಾಲೆಂಡರಲ್ಲಿ ಸಪ್ಪಗಿದ್ದೀರಿ” ಎಂದು ಜನ ಕೇಳತೊಡಗಿದರು. ಒಂದು ದಿನ ಹೆಂಡತಿ ಪೇಟೆಯಿಂದ ಬಂದು ಚೀಲವನ್ನು ಕೆಳಗಿಟ್ಟು ಗೋಡೆಯ ಚಿತ್ರದ ಕಡೆ ನೋಡಿದರು.

“ಆ ಹಳೇದೊಂದು ಇರಬೇಕಿತ್ತು ಕಣ್ರೀ.”

“ಅದು ಅಚ್ಚಿನ ತಪ್ಪು.”

“ಇರ್ಲಿ ಬಿಡಿ. ತಪ್ಪಾಗಿಯಾದ್ರೂ ನಾನು ಚೆನ್ನಾಗಿದ್ದೆ.”

ಹೆಂಡತಿ ಒಳಗೆ ಹೋದರು. ಅಷ್ಟು ನೋವು ಕುಂಚಪ್ಪನವರಿಗೆ ಯಾವ ಟೀಕೆಯಿಂದಲೂ ಆಗಿರಲಿಲ್ಲ.

ಮರುದಿನವೇ ಹಳೆಯ ಪ್ರತಿಗಾಗಿ ಹೊರಟರು. ಮುದ್ರಣಾಲಯದಲ್ಲಿ ಒಂದೂ ಉಳಿದಿರಲಿಲ್ಲ. ವರ್ಷ ಕಳೆದ ಕ್ಯಾಲೆಂಡರನ್ನು ಯಾರು ಇಟ್ಟುಕೊಳ್ಳುತ್ತಾರೆ? ಔಷಧಿ ಅಂಗಡಿಯದು ಮಕ್ಕಳ ಪುಸ್ತಕಕ್ಕೆ ಹೊದಿಕೆಯಾಗಿತ್ತು, ಡಾಕ್ಟರದು ಗುಜರಿಗೆ ಹೋಗಿತ್ತು. ಟೈಲರ್ ಮಾತ್ರ ತಾರೀಖುಗಳನ್ನು ಕತ್ತರಿಸಿ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದ.

“ಕೇಳಿದಷ್ಟು ಕೊಡ್ತೀನಪ್ಪಾ.”

“ಆಗಲ್ಲ ಸಾರ್. ಬಟ್ಟೆ ತಡವಾದ್ರೂ ಗಿರಾಕಿಗಳು ಅಮ್ಮನ ಮುಖ ನೋಡ್ಕೊಂಡು ಜಗಳ ಆಡದೆ ಹೋಗ್ತಾರೆ. ಬೇಕಾದ್ರೆ ಇಲ್ಲೇ ಕೂತು ನೋಡ್ಕೊಂಡು ಬರ್ಕೊಳಿ.”

ಬೇರೆ ದಾರಿ ಇರಲಿಲ್ಲ. ಬಣ್ಣದ ಪೆಟ್ಟಿಗೆ ತಂದು, ಹೊಲಿಯದ ಬಟ್ಟೆಗಳ ರಾಶಿಯ ನಡುವೆ ಸ್ಟೂಲು ಹಾಕಿಕೊಂಡು, ತಮ್ಮ ಚಿತ್ರದ ನಕಲನ್ನು ತಾವೇ ನಕಲು ಮಾಡಲು ಕೂತರು. ಯಂತ್ರ ಕಣ್ಣುಮುಚ್ಚಿ ಮಾಡಿದ್ದು ಅವರಿಗೆ ಕಣ್ಣುಬಿಟ್ಟು ಮಾಡಲಾಗಲಿಲ್ಲ. ತುಟಿ ಒಮ್ಮೆ ಅಣಕಿಸಿತು, ಒಮ್ಮೆ ಹಲ್ಲುನೋವು ಬಂದಂತಾಯಿತು. ಒರೆಸಿದರು, ಬರೆದರು, ಬೈದುಕೊಂಡರು. ಮೂಗಿನ ತುದಿಗೆ ಕೆಂಪು ಮೆತ್ತಿತು.

ಅಷ್ಟರಲ್ಲಿ ರವಿಕೆಯ ಅಳತೆ ಕೊಡಲು ಬಂದ ಹೆಂಡತಿ ಬಾಗಿಲಲ್ಲೇ ನಿಂತರು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು, ಗಂಡನ ಹಾಳೆ ನೋಡಿದರು, ಗಂಡನ ಮೂಗು ನೋಡಿದರು. ತುಟಿ ಬಿಗಿಹಿಡಿದರು. ಆದರೂ ಒಂದು ಮೂಲೆ ಮೇಲಕ್ಕೆ ಹೋಗಿಯೇಬಿಟ್ಟಿತು.

“ಸಾರ್, ಅದೇ!” ಟೈಲರ್ ಕತ್ತರಿಯಿಂದಲೇ ತೋರಿಸಿದ. “ಅದೇ ನಗು!”

ಕುಂಚಪ್ಪನವರು ಕ್ಯಾಲೆಂಡರ್ ನೋಡಿದರು, ಹೆಂಡತಿಯನ್ನು ನೋಡಿದರು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

“ಇದು ಯಾವಾಗಿಂದ ಇದೆ?” ಎಂದು ಪೆದ್ದರಂತೆ ಕೇಳಿದರು.

“ಯಾವಾಗ್ಲೂ ಇತ್ತು. ಆ ಚಿತ್ರ ಬರೀವಾಗ್ಲೂ ಹೀಗೇ ಬರ್ತಿತ್ತು. ಅಲ್ಲಾಡ್ಬೇಡ, ನಗ್ಬೇಡ ಅಂತ ನೀವೇ ಗದರ್ಸಿದ್ರಿ.”

ಕುಂಚಪ್ಪನವರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಕಳೆದುಹೋದದ್ದು ಮನೆಯಲ್ಲೇ ಸಿಕ್ಕಂತೆ ಖುಷಿಯಾಯಿತು. ಬರೆದ ಹಾಳೆಯನ್ನು ಮಡಿಚಿ ಬದಿಗಿಟ್ಟು, ಹೊಸದೊಂದನ್ನು ತೆಗೆದರು. ಸ್ಟೂಲನ್ನು ತಿರುಗಿಸಿ ಕ್ಯಾಲೆಂಡರಿಗೆ ಬೆನ್ನು ಮಾಡಿ ಕೂತರು.

“ಕೂತ್ಕೋ,” ಎಂದರು. “ನಗು ಬಂದ್ರೆ ತಡೀಬೇಡ.”