ಪಟ್ಟಿಯಲ್ಲಿ ಬರೆಯದ ಅರ್ಧ

ಭುವನೇಶ್ವರಿ ಮಂಡಕ್ಕಿಯನ್ನು ಜರಡಿ ಹಿಡಿಯುತ್ತಿದ್ದಳು. ನಾನು ಎದುರಿಗೆ ಕೂತು ಚೀಲಕ್ಕೆ ತುಂಬುತ್ತಿದ್ದೆ. ಭಟ್ಟಿಯ ಸಣ್ಣ ಮರಳು ಕೆಳಗೆ ಹಾಸಿದ ಗೋಣಿತಟ್ಟಿನ ಮೇಲೆ ಬೀಳುತ್ತಿತ್ತು. ಎರಡು ಚೀಲ ತುಂಬಿದರೂ ಇಬ್ಬರೂ ಮಾತಾಡಲಿಲ್ಲ. ಬೇರೆ ದಿನವಾಗಿದ್ದರೆ ಅಷ್ಟೊತ್ತಿಗೆ ಅವಳು ನನ್ನನ್ನು ನಾಲ್ಕು ಸಲ ನಗಿಸಿರುತ್ತಿದ್ದಳು.

ಹಿಂದಿನ ದಿನ ಅವಳು ಹರಿಹರಕ್ಕೆ ಹೋಗಿದ್ದಳು. ಅಲ್ಲಿನ ಒಂದು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೆಣ್ಣುಮಕ್ಕಳು ಬೇಕು ಎಂದು ಗೊತ್ತಾಗಿತ್ತು. ನೆರಳಲ್ಲಿ ಕೂತು ಮಾಡುವ ಕೆಲಸ, ತಿಂಗಳ ಸಂಬಳ. ಅದಕ್ಕೆಂದೇ ಹೊಸ ಸೀರೆಗೆ ಫಾಲ್ ಹಚ್ಚಿಕೊಂಡಿದ್ದಳು. ಸಂಜೆ ಬಸ್ಸಿಳಿದು ಬಂದವಳು ಓಣಿಯಲ್ಲಿ ಯಾರಿಗೂ ಏನೂ ಹೇಳಲಿಲ್ಲ.

ಹೇಳಿದ್ದು ಅವಳ ತಾಯಿ ದುರುಗವ್ವ. ನಾವು ಮೂರನೇ ಚೀಲ ತುಂಬುವಾಗ ಅಂಗಳಕ್ಕೆ ಬಂದು ನನ್ನ ದೊಡ್ಡಮ್ಮ ಬಸವಣ್ಣೆಮ್ಮನ ಎದುರು ನಿಂತಳು.

"ಅಕ್ಕ, ನನ್ನ ಮಗಳಿಗೆ ಟಿಬಿ ಐತೆ ಅಂತ ಯಾರಿಗೆ ಹೇಳಿದ್ರಿ?"

"ನಾನ್ಯಾಕ ಹೇಳ್ಲಿ? ಓಣಿಗೆಲ್ಲ ಗೊತ್ತಿರೋ ವಿಷಯ. ಮೊದ್ಲು ಕೂಡ್ರು ಬಾ."

"ಕೂಡ್ರಕ್ಕೆ ಬಂದಿಲ್ಲ. ಹರಿಹರದ ಆಫೀಸಿನಾಗೆ ಕಂಪ್ಯೂಟರ್ ಹಾಳಿ ಐತೆ, ಉದ್ದಕ್ಕೆ, ಎರಡೂ ಅಂಚಿಗೆ ತೂತು ತೂತು. ಅದ್ರಾಗೆ ನನ್ನ ಮಗಳ ಹೆಸರು. ಮುಂದೆ ಟಿಬಿ. ಅದನ್ನ ತೋರಿಸಿ ವಾಪಸ್ ಕಳಿಸ್ಯಾರೆ. ಕೆಳಗೆ ಏನು ಬರದೈತೆ ಗೊತ್ತಾ? ಮಾಹಿತಿ ಕೊಟ್ಟೋರು ಬಸವಣ್ಣೆಮ್ಮ, ಆನೆಕೊಂಡ, ದಾವಣಗೆರೆ!"

ದೊಡ್ಡಮ್ಮ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

ನನಗೆ ಕೂಡಲೇ ನೆನಪಾಯಿತು. ಯುಗಾದಿ ಕಳೆದ ಮೇಲೆ ಟೈ ಕಟ್ಟಿಕೊಂಡ ಒಬ್ಬರು ಫಾರಂ ಹಿಡಿದು ಬಂದಿದ್ದರು. ಯಾವುದೋ ಕಂಪನಿಯವರಂತೆ. ಮನೆಗೊಂದು ಆರೋಗ್ಯ ಕಾರ್ಡು ಮಾಡಿಕೊಡುತ್ತೇವೆ, ಎಲ್ಲಾ ಕಂಪ್ಯೂಟರಿಗೆ ಹೋಗುತ್ತದೆ ಎಂದರು. ನಮ್ಮ ದೊಡ್ಡಮ್ಮನ ಕಟ್ಟೆಯ ಮೇಲೆ ಯಾರೇ ಕೂತರೂ ಮೊದಲು ನೀರು, ಆಮೇಲೆ ಒಗ್ಗರಣೆ ಮಂಡಕ್ಕಿ, ಆಮೇಲೆ ಚಹಾ. ಚಹಾದ ಜೊತೆಗೆ ಓಣಿಯ ಸುದ್ದಿಯೆಲ್ಲ. ಅವರು ನಮ್ಮ ಮನೆಯದಷ್ಟೇ ಕೇಳಿದ್ದರು.

"ಈ ಬಿಸಿಲಾಗೆ ಹತ್ತು ಮನೆ ಯಾಕ ಅಲೀತೀರಿ? ನಾನೇ ಹೇಳ್ತೀನಿ, ಬರ್ಕಳ್ರಿ" ಎಂದಳು ದೊಡ್ಡಮ್ಮ.

ವಾಮದೇವಪ್ಪನವರಿಗೆ ಸಕ್ಕರೆ ಕಾಯಿಲೆ. ಕೊಟ್ರವ್ವಗೆ ಮೂಲವ್ಯಾಧಿ, ಪಾಪ ಕೂಡ್ರಕ್ಕೆ ಆಗಲ್ಲ. ದುರುಗವ್ವನ ಮಗಳಿಗೆ ಟಿಬಿ ಆಗಿತ್ತು, ತಿಂಗಳುಗಟ್ಟಲೆ ಮಾತ್ರೆ ನುಂಗಿ ಈಗ ಕುದುರೆ ಹಂಗೆ ಓಡಾಡ್ತಾಳೆ. ಹೀಗೆ ಹತ್ತು ಮನೆಯದ್ದೂ ಹೇಳಿದಳು. ನಾನು ಬಾಗಿಲ ಹತ್ತಿರ ನಿಂತು ಅವರ ಪೆನ್ನನ್ನೇ ನೋಡುತ್ತಿದ್ದೆ. 'ಟಿಬಿ' ಎಂದು ಬರೆದು ಪೆನ್ನು ಮುಂದಿನ ಸಾಲಿಗೆ ಹೋಯಿತು. ದೊಡ್ಡಮ್ಮ ಇನ್ನೂ ಕುದುರೆಯ ಮಾತು ಹೇಳುತ್ತಲೇ ಇದ್ದಳು. ಹೊಸಬರ ಎದುರು ನನಗೆ ಬಾಯಿ ಬರುವುದಿಲ್ಲ. ಅವರು ಒಂದು ಪ್ಲಾಸ್ಟಿಕ್ ಜಗ್ಗು ಕೊಟ್ಟು ಹೋದರು. ಕಾರ್ಡು ಇವತ್ತಿನವರೆಗೂ ಬಂದಿಲ್ಲ.

ಒಂದೆರಡು ತಿಂಗಳಿಗೆ ಔಷಧಿ ಮಾರುವವನೊಬ್ಬ ಬಂದು, "ಮೂಲವ್ಯಾಧಿ ಇರೋ ಕೊಟ್ರವ್ವ ಅವರ ಮನೆ ಯಾವುದ್ರಿ?" ಎಂದು ನಲ್ಲಿಯ ಹತ್ತಿರ ಗಟ್ಟಿಯಾಗಿ ಕೇಳಿದ. ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ನಕ್ಕರು. ಅದು ಅವನಿಗೆ ಹೇಗೆ ಗೊತ್ತಾಯಿತು ಎಂದು ಒಬ್ಬರೂ ಕೇಳಲಿಲ್ಲ.

ಈಗ ದೊಡ್ಡಮ್ಮ ದುರುಗವ್ವನ ಕಡೆ ನೋಡಿ, "ನಾನೇನು ಸುಳ್ಳು ಹೇಳಿದ್ನಾ? ಗೊತ್ತಿರೋದನ್ನ ಹೇಳಿದ್ರೆ ತಪ್ಪೇನು?" ಎಂದಳು. ದನಿ ಮಾತ್ರ ಸಣ್ಣದಾಗಿತ್ತು. ದುರುಗವ್ವ ಮಗಳ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ಇಪ್ಪತ್ತು ವರ್ಷದಿಂದ ಆ ಎರಡು ಮನೆಯ ನಡುವೆ ಸಾರಿನ ಬಟ್ಟಲು ಓಡಾಡುತ್ತಿತ್ತು. ಅವತ್ತು ಓಡಾಡಲಿಲ್ಲ.

ಮರುದಿನ ದೊಡ್ಡಮ್ಮ ಊಟ ಬಿಟ್ಟಳು. ನಾನು ಹೋಗಿ ಕೊನೇ ಮನೆಯ ನಯನಾಳನ್ನು ಕರೆತಂದೆ. ನಯನಾ ಪಿ.ಬಿ. ರಸ್ತೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪ್ ಮಾಡುತ್ತಾಳೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು, ಅವಳು ಪಿಯುಸಿ ಮುಗಿಸಿದವಳು. ಆದರೂ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಹೇಳುತ್ತಾಳೆ.

"ಓಣಿಗೇ ಗೊತ್ತಿರೋದು ಕಂಪ್ಯೂಟರಿಗೆ ಗೊತ್ತಾದ್ರೆ ಏನಾತು, ನೀನೇ ಹೇಳವ್ವ" ಎಂದಳು ದೊಡ್ಡಮ್ಮ.

"ದೊಡ್ಡಮ್ಮ, ಭುವಿಗೆ ಹುಷಾರಿಲ್ಲದಾಗ ದಿನಾ ಹಾಲು ಕಳಿಸಿದ್ದು ಯಾರು?"

"ನಾನೇ. ಯಾಕ?"

"ಮಾತ್ರೆ ಮುಗಿದ ದಿನ ಪಾಯಸ ಮಾಡಿದ್ದು?"

"ಅದೂ ನಾನೇ."

"ಹಂಗಾರೆ ಓಣಿಗೆ ಪೂರಾ ಗೊತ್ತೈತೆ. ಕಾಯಿಲೆ ಬಂದಿದ್ದೂ ಗೊತ್ತು, ಹೋಗಿದ್ದೂ ಗೊತ್ತು. ಕಂಪ್ಯೂಟರಿನ ಪಟ್ಟಿಯಾಗೆ ಒಂದೇ ಖಾನೆ. ಹೆಸರು, ವಯಸ್ಸು, ಕಾಯಿಲೆ. ನಾನೂ ಇಂಥವು ಎಷ್ಟೋ ಟೈಪ್ ಮಾಡೀನಿ. 'ಗುಣ ಆಗೈತೆ' ಅಂತ ಬರೆಯೋ ಜಾಗವೇ ಇರಲ್ಲ. ಒಂದು ಫ್ಲಾಪಿಗೆ ಹಾಕಿದ್ರೆ ಸಾವಿರ ಮನೆ ಹಿಡಿಸ್ತದೆ. ಅದನ್ನ ಹತ್ತು ಜನಕ್ಕೆ ಮಾರಬಹುದು. ಇಪ್ಪತ್ತು ವರ್ಷ ಆದ್ರೂ ಅದು ಮರೆಯಲ್ಲ."

ದೊಡ್ಡಮ್ಮ ಎದ್ದು ಮುಖ ತೊಳೆದುಕೊಂಡು ದುರುಗವ್ವನ ಬಾಗಿಲಿಗೆ ಹೋದಳು.

"ದುರುಗವ್ವ, ತಪ್ಪಾತು. ನಿನ್ನ ಮಗಳ ಮಾತು ಹೇಳಬೇಕಾದ್ರೆ ಅವಳನ್ನ ಕೇಳಬೇಕಿತ್ತು. ಅವಳು ಮಾತ್ರೆ ಮುಗಿಸಿದ ಆಸ್ಪತ್ರೆ ಕಾರ್ಡು ತಗಾ. ನಾಳೆ ನಾನೂ ಹರಿಹರಕ್ಕೆ ಬರ್ತೀನಿ."

"ಕಾರ್ಡು ಮೊನ್ನೆ ಒಯ್ದಿರಲಿಲ್ಲ" ಎಂದಳು ಭುವನೇಶ್ವರಿ ಒಳಗಿನಿಂದ. "ಕೆಲಸ ಕೇಳಕ್ಕೆ ಹೋಗುವಾಗ ಕಾಯಿಲೆ ಚೀಟಿ ಯಾರು ಒಯ್ತಾರೆ ದೊಡ್ಡಮ್ಮ?"

ಮರುದಿನ ದೊಡ್ಡಮ್ಮ, ದುರುಗವ್ವ, ಭುವನೇಶ್ವರಿ, ನಾನು, ನಾಲ್ವರೂ ಹೋದೆವು. ಕಾರ್ಖಾನೆಯ ಮ್ಯಾನೇಜರು ಪರಮೇಶ್ವರಪ್ಪನವರು ಒಳ್ಳೆಯವರು, ಕೂರಲು ಹೇಳಿದರು. ದೊಡ್ಡಮ್ಮ ಕೂರಲಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟಳು.

"ಈ ಬಸವಣ್ಣೆಮ್ಮ ನಾನೇ. ನಾನು ಹೇಳಿದ್ದು ಇಷ್ಟೇ ಅಲ್ಲ. ಇನ್ನರ್ಧ ಬಿಟ್ಟಾರೆ. ಈಗ ಬರ್ಕಳ್ರಿ."

"ಅಮ್ಮಾ, ಈ ಪಟ್ಟಿ ನಾವು ಮಾಡಿದ್ದಲ್ಲ, ದುಡ್ಡು ಕೊಟ್ಟು ತಗಂಡಿದ್ದು. ತಿದ್ದಕ್ಕೆ ನಮಗೆ ಬರಲ್ಲ."

"ದುಡ್ಡು ಕೊಟ್ರಾ! ನಾನು ಚಹಾ ಕೊಟ್ಟು ಹೇಳಿದ್ದನ್ನ ಮಾರ್ಕೊಂಡಾರಾ?"

ಪರಮೇಶ್ವರಪ್ಪನವರಿಗೂ ನಗು ಬಂತು. ಸರ್ಕಾರಿ ಆಸ್ಪತ್ರೆಯ ಕಾರ್ಡು ನೋಡಿದರು. ಚಿಕಿತ್ಸೆ ಪೂರ್ಣವಾಗಿದೆ ಎಂದು ಡಾಕ್ಟರು ಅದರಲ್ಲಿ ಸಹಿ ಮಾಡಿದ್ದರು. ಮುಂದಿನ ಸೋಮವಾರದಿಂದ ಕೆಲಸಕ್ಕೆ ಬಾ ಎಂದರು. ಭುವನೇಶ್ವರಿ ಅಲ್ಲಿಯೇ ಅತ್ತುಬಿಟ್ಟಳು.

ಹೊರಗೆ ಬರುವಾಗ ನಾನು ಮೊದಲ ಸಲ ಬಾಯಿ ಬಿಟ್ಟೆ. "ಸಾರ್, ಈ ಪಟ್ಟಿ ಇನ್ನೂ ಯಾರ್ಯಾರ ಹತ್ರ ಐತೆ?"

"ಅದು ನಮಗೂ ಗೊತ್ತಿಲ್ಲಮ್ಮ" ಎಂದರು.

ಆ ವಾರ ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಇದೇ ಮಾತಾಯಿತು. ದೆಹಲಿಯಲ್ಲಿ ಕಂಪ್ಯೂಟರಿನ ಬಗ್ಗೆ ಒಂದು ಕಾನೂನು ತಯಾರಾಗುತ್ತಿದೆ, ಪೊಲೀಸರು ಕಂಪ್ಯೂಟರಿನಲ್ಲಿರುವುದನ್ನು ತೆಗೆದು ನೋಡಬಹುದಂತೆ ಎಂದು ನಯನಾ ಪೇಪರಿನಲ್ಲಿ ಓದಿದ್ದಳು. ಅದರಲ್ಲಿ ನಮ್ಮ ಮಾತೂ ಸೇರಲಿ, ಲೋಕಸಭಾ ಸದಸ್ಯರಿಗೆ ಅರ್ಜಿ ಬರೆಯೋಣ ಎಂದಳು. ಕಟ್ಟೆಯ ಮೇಲೆ ಕೂತಿದ್ದ ವಾಮದೇವಪ್ಪನವರು ನಕ್ಕರು.

"ದಿಲ್ಲಿಯೋರು ಆನೆಕೊಂಡದ ಹೆಂಗಸರ ಮಾತು ಕೇಳ್ತಾರೇನವ್ವ?"

"ಓಟು ಕೇಳಕ್ಕೆ ಬರುವಾಗ ನಮ್ಮ ಓಣಿ ದಾರಿ ಗೊತ್ತಿರ್ತದಲ್ಲ ಮಾವ, ಈಗ ಯಾಕ ಮರೀತಾರೆ?" ಎಂದಳು ನಯನಾ.

"ಆಗ್ಲಿ. ಆದ್ರೆ ಪೊಲೀಸ್ರು ಕಂಪ್ಯೂಟರ್ ನೋಡಬ್ಯಾಡ್ರಿ ಅಂತ ಮಾತ್ರ ಬರೀಬ್ಯಾಡ್ರಿ. ಕಳ್ಳರು ಹೆಂಗೆ ಸಿಗ್ತಾರೆ?"

"ಕಳ್ಳರನ್ನ ಹಿಡೀಲಿ ಮಾವ. ನಿಮ್ಮ ಮನೆ ಹೊಕ್ಕು ಟ್ರಂಕು ತೆಗೀಬೇಕಂದ್ರೆ ಕೋರ್ಟಿನ ಚೀಟಿ ತರ್ರಿ ಅಂತೀರಲ್ಲ? ಇದಕ್ಕೂ ಹಂಗೇ. ಯಾರದ್ದು ನೋಡಿದ್ರು, ಯಾಕ ನೋಡಿದ್ರು, ಯಾರ ಅಪ್ಪಣೆ ಐತೆ, ಬರೆದಿಡ್ಲಿ."

"ಚೀಟಿ ಬೇಕು ಬಿಡು" ಎಂದು ವಾಮದೇವಪ್ಪನವರು ಪೆನ್ನು ಕೇಳಿದರು. ಮೊದಲ ಸಹಿ ಅವರದೇ. ಸಕ್ಕರೆ ಕಾಯಿಲೆಯ ಪುಡಿ ಮಾರುವವರು ಅವರ ಮನೆಗೂ ಮೂರು ಸಲ ಬಂದಿದ್ದರಂತೆ. ಕೊಟ್ರವ್ವ ನಿಂತುಕೊಂಡೇ ಹೆಬ್ಬೆಟ್ಟು ಒತ್ತಿದಳು. ಒಟ್ಟು ಅರವತ್ತೆರಡು ಸಹಿ ಮತ್ತು ಹೆಬ್ಬೆಟ್ಟು ಆದವು. ಹತ್ತಿರದ ಊರುಗಳಾದ ಸಾರಥಿ ಮತ್ತು ಕೊಂಡಜ್ಜಿಯ ಸಂಘದವರೂ ಅರ್ಜಿಯ ಪ್ರತಿ ತರಿಸಿಕೊಂಡಿದ್ದಾರೆ. ಸಾರಿನ ಬಟ್ಟಲು ಮತ್ತೆ ಓಡಾಡುತ್ತಿದೆ.

ದೊಡ್ಡಮ್ಮ ಈಗಲೂ ಬಂದವರಿಗೆ ಮಂಡಕ್ಕಿ ಕೊಡುತ್ತಾಳೆ. ಫಾರಂ ಹಿಡಿದವರು ಬಂದರೆ ಮಾತ್ರ ಚಹಾಕ್ಕೆ ಮುಂಚೆ ಕೇಳುತ್ತಾಳೆ: "ಇದನ್ನ ಯಾರಿಗೆ ತೋರಿಸ್ತೀರಿ?"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವೂ ಅಷ್ಟು ಕೇಳಿರಿ. ಪೋಲಿಯೊ ಹನಿ ಹಾಕಲು ಬರುವ ನರ್ಸಮ್ಮನಿಗೆ ಮಗುವಿನ ವಯಸ್ಸು ಹೇಳಬೇಕು. ಡಾಕ್ಟರ ಹತ್ತಿರ ಕಾಯಿಲೆ ಮುಚ್ಚಿಡಬಾರದು. ಗುರುತಿಲ್ಲದವರು ಬಂದರೆ ಯಾವ ಕಚೇರಿ, ಯಾತಕ್ಕೆ ಎಂದು ವಿಚಾರಿಸಿ, ಸರಿಯೆನಿಸಿದರೆ ಹೇಳಿರಿ. ಪಕ್ಕದ ಮನೆಯವರ ವಿಷಯವನ್ನು ಪಕ್ಕದ ಮನೆಯವರೇ ಹೇಳಲಿ. ನಿಮ್ಮ ಓಣಿಯವರು ಸೇರಿ ನಿಮ್ಮ ಲೋಕಸಭಾ ಸದಸ್ಯರಿಗೆ ಒಂದು ಅಂಚೆ ಕಾರ್ಡು ಬರೆಯಿರಿ. ನಮ್ಮನ್ನು ಕೇಳಿ ಬರೆದುಕೊಳ್ಳಲಿ, ಬರೆದದ್ದನ್ನು ನಮಗೆ ತೋರಿಸಲಿ, ತಪ್ಪಿದ್ದರೆ ತಿದ್ದಲಿ. ಇಷ್ಟು ಬರೆದರೆ ಸಾಕು.

ಇದನ್ನು ಬರೆಯುವ ಮುಂಚೆ ನಾನು ಭುವನೇಶ್ವರಿಯನ್ನು ಕೇಳಿದೆ. ಹೆಸರು ಬದಲಾಯಿಸಲಾ ಎಂದೂ ಕೇಳಿದೆ. "ಬ್ಯಾಡ, ನನ್ನ ಹೆಸರೇ ಹಾಕು. ಆದ್ರೆ ಪೂರಾ ಬರಿ" ಎಂದಳು.

ಆ ಪಟ್ಟಿ ಇನ್ನೂ ಯಾರ ಯಾರ ಕೈಯಲ್ಲಿದೆಯೋ ನಮಗೆ ಗೊತ್ತಿಲ್ಲ. ಅದು ಇರುವವರು ಇದನ್ನು ಓದಿದರೆ, ಆನೆಕೊಂಡದ ಭುವನೇಶ್ವರಿಯ ಹೆಸರಿನ ಮುಂದೆ 'ಗುಣವಾಗಿದೆ' ಎಂದು ದಯವಿಟ್ಟು ಬರೆಯಿರಿ.