ಸುತ್ತಲೂ ಒಟ್ಟಿಗೇ ಒಣಗಬೇಕು

ನನಗೂ ನನ್ನ ಓರಗಿತ್ತಿಗೂ ಒಂದೇ ಮನೆ, ಒಂದೇ ಒಲೆ, ಒಂದೇ ಕೆಲಸದ ಮೇಜು. ಇಷ್ಟು ಹೇಳಿದರೆ ನಮ್ಮಿಬ್ಬರ ಮುಖ ಎಷ್ಟು ಸಲ ಊದಿಕೊಂಡಿರಬಹುದೆಂದು ತಿಳಿದವರಿಗೆ ತಿಳಿಯುತ್ತದೆ. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಅಕ್ಕ ಅನ್ನುತ್ತೇನೆ. ಕಾರ್ಖಾನೆಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ನಡುಮಧ್ಯದಮ್ಮ ಎನ್ನುತ್ತಾರೆ. ಆ ಹೆಸರಿಟ್ಟವಳು ನಾನೇ ಎಂಬುದು ಅವಳಿಗೆ ಗೊತ್ತು. ಗೊತ್ತಿಲ್ಲದವಳ ಹಾಗೆ ಇರುತ್ತಾಳೆ, ಅದು ನನಗೆ ಇನ್ನೂ ಸಿಟ್ಟು ಬರಿಸುತ್ತದೆ.

ನಾವು ಮಾಡುವುದು ನೀರು ಕಾಯಿಸುವ ಹೀಟರಿನ ಕೊಳವೆ. ಹೊರಗಿನಿಂದ ನೋಡಿದರೆ ಬೆರಳು ದಪ್ಪದ ಉಕ್ಕಿನ ಕಡ್ಡಿ, ಅಷ್ಟೆ. ಒಳಗೆ ಸ್ಪ್ರಿಂಗಿನಂತೆ ಸುತ್ತಿದ ತಂತಿ ಇರುತ್ತದೆ. ಕರೆಂಟು ಹರಿದಾಗ ಕೆಂಪಗೆ ಕಾಯುವುದು ಅದೇ. ಆ ತಂತಿ ಕೊಳವೆಯ ಗೋಡೆಯನ್ನು ಮುಟ್ಟಲೇಬಾರದು. ಮುಟ್ಟಿದರೆ ಕರೆಂಟು ಗೋಡೆಗೆ, ಗೋಡೆಯಿಂದ ನೀರಿಗೆ, ನೀರಿನಿಂದ ಯಾರದೋ ಕೈಗೆ. ಅದಕ್ಕೇ ತಂತಿಯ ಸುತ್ತ ಮೆಗ್ನೀಷಿಯಾ ಎಂಬ ಬಿಳಿ ಪುಡಿ ತುಂಬುತ್ತೇವೆ. ಅದು ಶಾಖವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ತಂತಿಯನ್ನು ಅಲುಗದಂತೆ ಹಿಡಿದಿಡುವುದೂ ಅದೇ ಪುಡಿ. ಇಂಥದೊಂದು ಪುಡಿ ಲೋಕದಲ್ಲಿದೆ ಎಂಬುದೇ ನನಗೆ ಇವತ್ತಿಗೂ ಸೋಜಿಗ.

ತುಂಬುವುದು ಮಾತ್ರ ಹೇಳಿದಷ್ಟು ಸುಲಭವಲ್ಲ. ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ತಂತಿಯ ಸುತ್ತ ಇನ್ನೊಂದು ತೆಳು ಕೊಳವೆ ಇಳಿಬಿಡುತ್ತೇವೆ, ತಂತಿ ನಡುವಿನಲ್ಲೇ ನಿಲ್ಲಲೆಂದು. ಮೇಲಿಂದ ಪುಡಿ ಸುರಿಯುತ್ತ, ಪುಡಿ ಏರಿದಷ್ಟೇ ಆ ಒಳಕೊಳವೆಯನ್ನು ಮೇಲಕ್ಕೆ ಎತ್ತಬೇಕು. ಬೇಗ ಎತ್ತಿದರೆ ತಂತಿ ವಾಲುತ್ತದೆ, ತಡ ಮಾಡಿದರೆ ಪುಡಿ ಕಟ್ಟಿಕೊಳ್ಳುತ್ತದೆ. ಪುಡಿ ಕೂರಲೆಂದು ಮೇಜು ಸದಾ ಸಣ್ಣಗೆ ನಡುಗುತ್ತಿರುತ್ತದೆ. ಅಕ್ಕ ಕೊಳವೆಗೆ ಅಂಗೈ ಆನಿಸಿ, ಆ ನಡುಕದಲ್ಲೇ ಪುಡಿ ಎಲ್ಲಿಯವರೆಗೆ ಏರಿದೆ ಎಂದು ಹೇಳುತ್ತಾಳೆ. ನಾನೂ ಎಷ್ಟೋ ಸಲ ಅಂಗೈ ಇಟ್ಟು ನೋಡಿದ್ದೇನೆ. ನನಗೆ ನಡುಕವಷ್ಟೇ ತಿಳಿಯುತ್ತದೆ. ತುಂಬಿದ ಮೇಲೆ ರೋಲರು ಕೊಳವೆಯನ್ನು ಹಿಂಡುತ್ತದೆ, ಪುಡಿ ಕಲ್ಲಾಗುತ್ತದೆ. ಅಲ್ಲಿಂದ ಮುಂದೆ ಒಳಗೇನಿದೆ ಎಂಬುದು ದೇವರಿಗೇ ಗೊತ್ತು. ಯಾರು ತುಂಬಿದ್ದೆಂದು ತಿಳಿಯಲು ತುದಿಯಲ್ಲಿ ಗುರುತು ಗೀಚುತ್ತೇವೆ: ನನ್ನದು ಎರಡು ಗೀಟು, ಅವಳದು ಒಂದು ಸೊನ್ನೆ.

ಅವತ್ತು ಬೆಳಿಗ್ಗೆ ನಾನು ಮಡಿಸಿಟ್ಟ ಹೊದಿಕೆಯನ್ನು ಅಕ್ಕ ಬಿಚ್ಚಿ ಮತ್ತೆ ಮಡಿಸಿದಳು. ಅಂಚಿಗೆ ಅಂಚು ಸೇರಿರಲಿಲ್ಲವಂತೆ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಕೊಟ್ಟು ಹಗುರಾಗುತ್ತಿದ್ದೆ. ಒಂದು ಮಾತಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಮೇಜಿನ ಮುಂದೆ ನಿಂತು ಪುಡಿ ಸುರಿಯುತ್ತಲೇ ಒಳಗೊಳಗೆ ಅವಳ ಜೊತೆ ಜಗಳವಾಡುತ್ತಿದ್ದೆ. ಜಗಳದಲ್ಲಿ ಗೆಲ್ಲುವ ಹೊತ್ತಿಗೆ ಪುಡಿ ಕಟ್ಟಿಕೊಂಡಿತು. ಒಳಕೊಳವೆಯನ್ನು ಜಗ್ಗಿದೆ; ಅದು ಗೇಣುದ್ದ ಒಮ್ಮೆಲೇ ಮೇಲೆ ಬಂತು. ತಂತಿ ವಾಲಿದ್ದು ಕೈಗೆ ತಿಳಿಯಿತು.

ಪುಡಿಯನ್ನೆಲ್ಲ ಹೊರಗೆ ಸುರಿದು ಹೊಸದಾಗಿ ತುಂಬಬೇಕಿತ್ತು. ಅದಕ್ಕೆ ಅಕ್ಕನನ್ನು ಕರೆಯಬೇಕಿತ್ತು. ನಾನು ಹಲ್ಲು ಕಚ್ಚಿ ಮೇಲಿನವರೆಗೂ ತುಂಬಿ, ಎರಡು ಗೀಟೆಳೆದು, ಮಿಕ್ಕವುಗಳ ಜೊತೆ ನಿಲ್ಲಿಸಿಬಿಟ್ಟೆ. ರೋಲರಿನವನು ಎಲ್ಲವನ್ನೂ ಹಿಂಡಿ ಗೂಡಿನಲ್ಲಿ ಜೋಡಿಸಿದ. ನೂರ ಇಪ್ಪತ್ತು ಕೊಳವೆ. ಐವತ್ತು ನನ್ನವು, ಎಪ್ಪತ್ತು ಅವಳವು. ಕರೆಂಟು ಗೋಡೆಗೆ ಸೋರುತ್ತದೆಯೇ ಎಂದು ನೋಡುವ ಮೀಟರಿನಲ್ಲಿ ನನ್ನ ಐವತ್ತೂ ಪಾಸಾದವು. ಬದುಕಿದೆ ಅಂದುಕೊಂಡೆ.

ಊಟದ ಹೊತ್ತಿಗೆ ಚೀಟಿ ಅಂಟಿಸುವ ಗುಮಾಸ್ತ ನಮ್ಮ ಪಕ್ಕದಲ್ಲೇ ಬಂದು ಕೂತ. "ಹೆರಿಗೆ ಆಸ್ಪತ್ರೆಗೆ ಹೋಗೋ ಮಾಲು ಇದು. ಎಳೆ ಮಕ್ಕಳ ಸ್ನಾನದ ನೀರಿಗೆ. ಚೀಟಿ ನೆಟ್ಟಗೆ ಅಂಟಿಸ್ಬೇಕು" ಅಂದ.

ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಇಟ್ಟೆ. ನನ್ನ ಮಗಳಿಗೆ ಆಗ ಎರಡು ವರ್ಷ. ಅವಳನ್ನು ಮೊದಲ ಸಲ ಮೀಯಿಸಿದ ದಾದಿಯ ಮೊಣಕೈವರೆಗಿನ ಒದ್ದೆ ಕೈಗಳು ನೆನಪಾದವು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಇನ್ಯಾರದೋ ಕೂಸು ಹೋಗುತ್ತದೆ.

"ಅಕ್ಕಾ, ನಾನೊಂದು ತಪ್ಪು ಮಾಡಿದೀನಿ."

"ಹೊದಿಕೆ ವಿಷಯಾನಾ?"

"ಅಲ್ಲ. ಒಂದು ಕೊಳವೇಲಿ ತಂತಿ ವಾಲಿದೆ. ಗೊತ್ತಿದ್ದೂ ತುಂಬಿಟ್ಟೆ. ಯಾವುದು ಅಂತ ಈಗ ಗೊತ್ತಾಗ್ತಿಲ್ಲ."

ಅವಳು ಅರ್ಧ ಉಂಡ ಡಬ್ಬಿಯನ್ನು ಮುಚ್ಚಿ, ಕೈ ತೊಳೆದು, ಕಾರ್ಖಾನೆಯ ಯಜಮಾನರ ಕೋಣೆಗೆ ನಡೆದಳು. ನಾನು ಹಿಂದೆ ಹೋದೆ.

"ಮೀಟರಲ್ಲಿ ಪಾಸಾಗಿದೆಯಲ್ಲ" ಎಂದರು ಯಜಮಾನರು.

"ತಣ್ಣಗಿದ್ದಾಗ ಪಾಸಾಗತ್ತೆ. ತಂತಿಗೂ ಗೋಡೆಗೂ ಮಧ್ಯ ಕೂದಲೆಳೆಯಷ್ಟು ಪುಡಿ ಇದ್ರೂ ಮೀಟರು ಸುಮ್ನಿರತ್ತೆ. ಕಾದು ಕಾದು ಆ ಕೂದಲೆಳೆ ಹೋದ್ಮೇಲೆ?"

"ಇವಳ ಐವತ್ತೂ ಬಿಸಾಕಿದ್ರೆ ಹೊಸದಕ್ಕೆ ತಂತಿ ಎಲ್ಲಿದೆ? ಹೆಚ್ಚಂದ್ರೆ ಮೂರು ಕೊಳವೆಗೆ ಸಾಕು. ಸಂಜೆ ಲಾರಿ ಬರತ್ತೆ." ಅವರು ನನ್ನ ಕಡೆ ತಿರುಗಿದರು. "ನಿನ್ನ ವಿಷಯ ಆಮೇಲೆ ನೋಡ್ಕೋತೀನಿ."

ಕಿಟಕಿಯ ಸರಳಿಗೆ ಯಾರೋ ಒದ್ದೆ ಬಟ್ಟೆ ನೇತುಹಾಕಿದ್ದರು. ಬಿಸಿಲು ಬಿದ್ದ ಅರ್ಧ ಒಣಗಿತ್ತು, ನೆರಳಿನ ಅರ್ಧ ಇನ್ನೂ ಹಸಿ. ಅದನ್ನೇ ನೋಡುತ್ತ ನಿಂತ ಅಕ್ಕ, "ಸೀಮೆಸುಣ್ಣ ಇದ್ಯಾ?" ಎಂದು ಕೇಳಿದಳು. ಇವಳಿಗೆ ತಲೆ ಕೆಟ್ಟಿತು ಅಂದುಕೊಂಡೆ.

ಸೀಮೆಸುಣ್ಣವನ್ನು ಕುಟ್ಟಿ ನೀರಿನಲ್ಲಿ ಕಲಸಿ, ನನ್ನದೊಂದು ಕೊಳವೆಗೆ ತುದಿಗಳನ್ನು ಬಿಟ್ಟು ಉದ್ದಕ್ಕೂ ಬಳಿದಳು. ಸಣ್ಣ ವೋಲ್ಟೇಜಿನ ಟ್ರಾನ್ಸ್‌ಫಾರ್ಮರು ತರಿಸಿ ಅದರ ತಂತಿಗಳನ್ನು ಕೊಳವೆಯ ತುದಿಗಳಿಗೆ ಸಿಕ್ಕಿಸಿದಳು. ಹಿಂಭಾಗ ಕಾಣಲೆಂದು ಒಂದು ಕನ್ನಡಿ ನಿಲ್ಲಿಸಿದಳು. "ತಂತಿ ಯಾವ ಕಡೆ ಹತ್ರ ಇರತ್ತೋ ಆ ಕಡೆ ಮೊದ್ಲು ಬಿಸಿಯಾಗತ್ತೆ, ಮೊದ್ಲು ಒಣಗತ್ತೆ. ನಡುಮಧ್ಯ ಇದ್ರೆ ಸುತ್ತಲೂ ಒಟ್ಟಿಗೇ ಒಣಗಬೇಕು" ಎಂದು ಸ್ವಿಚ್ಚು ಒತ್ತಿದಳು. ಹಸಿ ಸುಣ್ಣ ಮೊದಲು ಮಂಕಾಗಿತ್ತು. ನೋಡನೋಡುತ್ತ ಸುತ್ತಲೂ ಒಂದೇ ಸಮನೆ ಬೆಳ್ಳಗಾಯಿತು. ಯಜಮಾನರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ನನ್ನ ಕೋಪ ಎಲ್ಲಿ ಹೋಯಿತೋ ಕಾಣೆ. ಕಲ್ಲಿನೊಳಗೆ ಹೂತುಹೋದ ತಂತಿಯನ್ನು ಈ ಹೆಂಗಸು ಮೂರು ತುಂಡು ಸೀಮೆಸುಣ್ಣದಿಂದ ಹೊರಗೆ ಬರೆದು ತೋರಿಸುತ್ತಿದ್ದಳು.

ಹೀಗೆ ನನ್ನವನ್ನು ಒಂದೊಂದಾಗಿ ನೋಡುತ್ತ ಹೋದೆವು. ಮೂವತ್ತೇಳನೆಯದು ನನ್ನ ಪಾಪದ ಕೊಳವೆ. ಗೇಣುದ್ದದ ಬಿಳಿ ಗೆರೆ ಒಂದು ಮಗ್ಗುಲಲ್ಲಿ ಎದ್ದಿತು, ಕನ್ನಡಿಯಲ್ಲಿ ಇನ್ನೊಂದು ಮಗ್ಗುಲು ಇನ್ನೂ ಹಸಿ. ಉಳಿದ ನನ್ನ ಹದಿಮೂರೂ ಸರಿಯಾಗಿದ್ದವು.

"ಸಿಕ್ತಲ್ಲ, ಲಾರಿಗೆ ತುಂಬಿಸ್ತೀನಿ" ಎಂದು ಯಜಮಾನರು ಎದ್ದರು.

"ನನ್ನ ಎಪ್ಪತ್ತು ಉಳ್ಕೊಂಡಿದೆ."

"ನಿಮ್ಮ ಸೊನ್ನೆ ಇರೋದಕ್ಕೆ ಹನ್ನೊಂದು ವರ್ಷದಿಂದ ಯಾರೂ ಮೀಟರೂ ಹಿಡಿದಿಲ್ಲ."

"ನೋಡೋ ದಾರಿ ಈಗ ಸಿಕ್ಕಿದೆ. ನೋಡದೆ ಹೇಗೆ ಕಳಿಸ್ಲಿ?"

ಯಜಮಾನರು ಗೊಣಗುತ್ತ ಹೋದರು. ನಾವಿಬ್ಬರೇ ಉಳಿದೆವು. ನಾನು ಬಳಿಯುವುದು, ಅವಳು ಸ್ವಿಚ್ಚು ಒತ್ತುವುದು. ಸುತ್ತಲೂ ಬಿಳಿ, ಸುತ್ತಲೂ ಬಿಳಿ. ನನಗೆ ಆ ಸೊನ್ನೆಗಳ ಮೇಲೆ ಅಭಿಮಾನ ಉಕ್ಕಿ ಬಂತು, ನಾನೇ ತುಂಬಿದವೋ ಎಂಬ ಹಾಗೆ. ಅವಳವುಗಳಲ್ಲಿ ಐವತ್ತೊಂದನೆಯದಕ್ಕೆ ಸ್ವಿಚ್ಚು ಒತ್ತಿ ಅವಳು ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ನೋಡಿದೆ. ಕೆಳತುದಿಯ ಹತ್ತಿರ, ಒಂದೇ ಮಗ್ಗುಲಲ್ಲಿ, ಹೆಬ್ಬೆರಳಿನಷ್ಟು ಉದ್ದದ ಬಿಳಿ ಗೆರೆ.

ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಪಕ್ಕನೆ ಒರೆಸಿ, ಕರೆಂಟಿನ ತಂತಿ ಬಿಚ್ಚಿ, ಕೊಳವೆಯನ್ನು ಒಳ್ಳೆಯವುಗಳ ಗೂಡಿಗೆ ಸೇರಿಸಿದೆ.

"ಒರೆಸಿದ್ದು ಯಾಕೆ?"

"ಚೆನ್ನಾಗಿತ್ತು."

"ಚೆನ್ನಾಗಿರೋದನ್ನ ಇಷ್ಟೊತ್ತು ಒರೆಸ್ಲಿಲ್ವಲ್ಲ ನೀನು. ತಗೊಂಡ್ ಬಾ. ಇನ್ನೊಂದ್ಸಲ ಬಳಿ."

ಬಳಿದೆ. ಗೆರೆ ಅದೇ ಜಾಗದಲ್ಲಿ ಮತ್ತೆ ಎದ್ದಿತು. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. ಬೈಯಲಿಲ್ಲ.

"ಬೆಳಿಗ್ಗೆ ಹೆದರ್ಕೊಂಡು ಮುಚ್ಚಿಟ್ಟೆ. ಈಗ ನನ್ನ ಮೇಲಿನ ಪ್ರೀತಿಗೆ ಮುಚ್ಚಿಡ್ತಿದೀಯ. ಆ ನೀರಲ್ಲಿ ಕೈ ಇಡೋರಿಗೆ ಎರಡೂ ಒಂದೇ ಅಲ್ವೇನೇ?"

ನಾನು ಅತ್ತುಬಿಟ್ಟೆ. ಅವಳು ಎರಡೂ ಕೊಳವೆಗಳನ್ನು ತಾನೇ ಎತ್ತಿಕೊಂಡು ಹೋಗಿ ಉದ್ದಕ್ಕೆ ಸೀಳಿಸಿದಳು. ಎಲ್ಲರನ್ನೂ ಕರೆದು ತೋರಿಸಿದಳು: ಕಲ್ಲಾದ ಬಿಳಿ ಪುಡಿಯಲ್ಲಿ ತಂತಿ ಗೋಡೆಗೆ ಒರಗಿಕೊಂಡಿತ್ತು, ನನ್ನದರಲ್ಲೂ, ಅವಳದರಲ್ಲೂ. ನನ್ನದಕ್ಕಾದರೂ ಕಾರಣವಿತ್ತು, ಸಿಟ್ಟಿನಲ್ಲಿ ಜಗ್ಗಿದ್ದೆ. ಅಕ್ಕ ತನ್ನದನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದು ಹೇಗಾಯ್ತು ಅಂತ ನಂಗೇ ಗೊತ್ತಿಲ್ಲ. ನಾಳೆಯಿಂದ ನಂದಕ್ಕೂ ಮೀಟರ್ ಹಿಡೀರಿ, ಸುಣ್ಣಾನೂ ಬಳೀರಿ" ಎಂದಳು. ಅಷ್ಟು ಹೇಳುವಾಗ ಅವಳ ದನಿ ಒಂದು ಕಡೆ ಒಡೆಯಿತು.

ಯಜಮಾನರು ನನ್ನ ಕಡೆ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ, "ಅವಳು ಬಾಯಿ ಬಿಡದೇ ಇದ್ದಿದ್ರೆ ನಂದು ಸಿಕ್ತಿರ್ಲಿಲ್ಲ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ" ಎಂದಳು. ಅವರು ಲಾರಿಯವನಿಗೆ ಕಾಯಲು ಹೇಳಿಕಳಿಸಿದರು.

ಇನ್ನೂ ಹತ್ತೊಂಬತ್ತು ಉಳಿದಿದ್ದವು, ಅವು ಮುಗಿದ ಮೇಲೆ ಹೊಸದಾಗಿ ಎರಡು ತುಂಬುವುದೂ ಇತ್ತು. ಅವಳು ಸ್ವಿಚ್ಚಿನ ಹತ್ತಿರ ಕೂತು, "ಬಳಿ" ಎಂದಳು. ನಾನು ಬಳಿದೆ. ಹತ್ತೊಂಬತ್ತೂ ಸುತ್ತಲೂ ಒಟ್ಟಿಗೇ ಬೆಳ್ಳಗಾದವು. ಪ್ರತಿ ಸಲವೂ ಅವಳು ಹಿಡಿದ ಉಸಿರನ್ನು ಬಿಡುವುದು ಪಕ್ಕದಲ್ಲಿದ್ದ ನನಗೆ ಕೇಳಿಸುತ್ತಿತ್ತು.